ಕಾರ್ಡ್ ತೋರಿಸಿ ಮೇಡಂ

"ನ್ಯಾಯಾಧೀಶರ ಸಹಿ ಎಲ್ಲಿದೆ ಸಾರ್?" ಇಬ್ಬರು ವಲಸೆ ಅಧಿಕಾರಿಗಳಿಗೆ ಹಾಸ್ಟೆಲ್ ಬಾಗಿಲಲ್ಲಿ ಅಡ್ಡ ನಿಂತ ಕಾವಲುಗಾರ ಕ್ಲೈಡ್‌ನ ದನಿ, ಹಿಮದಲ್ಲಿ ಜಾರುತ್ತಾ ಓಡಿಬರುತ್ತಿದ್ದ ವಿಶ್ವವಿದ್ಯಾಲಯದ ವಕೀಲೆ ಮೈರಾಳಿಗೆ ಮೆಟ್ಟಿಲ ಕೆಳಗೇ ಕೇಳಿಸಿತು. ವಲಸಿಗರನ್ನು ಹಿಡಿಯಲು ಇಂಥ ಅಧಿಕಾರಿಗಳು ಕ್ಯಾಂಪಸ್ಸಿಗೂ ಬರಬಹುದೆಂದು ವಾಷಿಂಗ್ಟನ್ ನೀತಿ ಬದಲಿಸಿದ ವಾರವೇ ನ್ಯಾಯಾಧೀಶರ ಸಹಿಯಿಲ್ಲದೆ ಅವರನ್ನು ಒಳಗೆ ಬಿಡಬೇಡಿ ಎಂದು ಅವಳು ಕಾವಲುಗಾರರಿಗೆಲ್ಲ ಪಾಠ ಮಾಡಿದ್ದಳು. ಮುಂದಿನ ಸಾಲಲ್ಲೇ ಕೂತು ಗೊರಕೆ ಹೊಡೆದವನು ಇವನೇ!

"ಈ ಕಾಗದಕ್ಕೆ ನಿಮ್ಮ ಆಫೀಸಿನವರೇ ಸಹಿ ಹಾಕಿದಾರೆ. ನಡೆಯಲ್ಲ. ನೀವು ಹುಡುಕ್ತಿರೋ ಹುಡುಗಿ ಒಳಗಿದ್ದಾಳೋ ಇಲ್ವೋ, ಅದನ್ನೂ ಹೇಳಲ್ಲ." ಅಧಿಕಾರಿಗಳಲ್ಲೊಬ್ಬ ಕಾಗದ ಮಡಚಿ ಜೇಬಿಗಿಟ್ಟ.

"ಭೇಷ್ ಕ್ಲೈಡ್!" ಎಂದು ಮೈರಾ ಒಳನುಗ್ಗಹೋದಳು. ಅವನ ಕೈ ಅಡ್ಡ ಬಂತು. "ಕಾರ್ಡ್ ತೋರಿಸಿ ಮೇಡಂ."

ಗುರುತಿನ ಕಾರ್ಡು, ಕೋಟು ಎರಡೂ ಆಫೀಸಿನಲ್ಲೇ ಉಳಿದಿದ್ದವು. "ಅಯ್ಯೋ ಮಾರಾಯ, ನಾನು!"

"ಕಾರ್ಡ್ ಇಲ್ದೋರು ಯಾರೇ ಆಗ್ಲಿ ಹೊರಗೇ ಅಂದೋರು ನೀವೇ ಅಲ್ವಾ?"

ಮೈರಾ ನಡುಗುತ್ತಾ ಅಧಿಕಾರಿಗಳ ಪಕ್ಕದಲ್ಲೇ ಹೊರಗೆ ನಿಂತಳು. ಯಾವ ಕೇಸು ಗೆದ್ದಾಗಲೂ ಅವಳಿಗೆ ಇಷ್ಟು ಹಿಗ್ಗಾಗಿರಲಿಲ್ಲ.