ನೀಲವ್ವನ ಮದುವೆಯ ದಂಡೆ

ಬಿಸಿಲುಗಾಲ ವರ್ಷದಲ್ಲಿ ಅರವತ್ತೇ ದಿನಕ್ಕೆ ಇಳಿದ ಮೇಲೆ, ಹೂಗಿಡಗಳಲ್ಲಿ ಕಪ್ಪತಗುಡ್ಡದ ಗಾಳಿ ತಡೆದು ನಿಂತದ್ದು ಮೊಣಕಾಲೆತ್ತರದ ಗಿಡ್ಡ ಗಾಂಜಾ ಒಂದೇ. ಬಿತ್ತಿದ ನಲವತ್ತನೇ ದಿನಕ್ಕೆ ಅದು ತಾನಾಗಿ ಹೂ ಬಿಡುತ್ತಿತ್ತು. ಹೀಗಾಗಿ ದೇವರಿಗೂ ಅದೇ, ಹೆಣಕ್ಕೂ ಅದೇ, ಮದುಮಗಳ ಮುಡಿಗೂ ಅದೇ.

ಹೂ ಕಟ್ಟಿಯೇ ಬದುಕಿದ ಹುಲಿಗೆವ್ವನಿಗೆ ಅದನ್ನು ಕಂಡರೆ ವಾಕರಿಕೆ. ಅದರ ಜಿಗುಟು ಉಗುರುಸಂದಿಯಲ್ಲಿ ಕೂತು, ತಿನ್ನುವ ರೊಟ್ಟಿಯೂ ಸತ್ತ ಹೆಗ್ಗಣದಂತೆ ನಾರುತ್ತಿತ್ತು. ಹಿತ್ತಿಲಲ್ಲಿ ಗಾಜಿನ ಗೂಡು ಕಟ್ಟಿ ಆರು ವರ್ಷದಿಂದ ಒಂದು ಮಲ್ಲಿಗೆ ಬಳ್ಳಿ ಸಾಕಿದ್ದಳು. ಈ ಸಲ ಮೊದಲ ಬಾರಿಗೆ ಹನ್ನೊಂದು ಮೊಗ್ಗು ಬಂದಿದ್ದವು. ಮೊಮ್ಮಗಳು ನೀಲವ್ವನ ಮದುವೆಯ ಮುಂಜಾನೆ ಅಷ್ಟನ್ನೂ ದಂಡೆ ಕಟ್ಟಿ, ತಾನೇ ಅವಳ ಜಡೆಗೆ ಮುಡಿಸಿದಳು.

ನೀಲವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಆಯಿ, ಏನ್ ನಾತ ಬೇ ಇದು? ಬೀಗರು ಏನಂದಾರು?"

ದಂಡೆ ಕಿತ್ತು ಅಂಗಳಕ್ಕೆ ಎಸೆದಳು. ಗಾಳಿ ಅದನ್ನು ಹೊತ್ತೊಯ್ದಿತು.

ಹುಲಿಗೆವ್ವ ಬುಟ್ಟಿಯಿಂದ ಗಾಂಜಾ ದಂಡೆ ತೆಗೆದು, ಉಸಿರು ಬಿಗಿಹಿಡಿದು ಮುಡಿಸಿದಳು.

"ಈಗ ನೋಡು, ಮದಿವಿ ಮನಿ ವಾಸನಿ ಬಂತು," ಅಂದಳು ನೀಲವ್ವ.