ಬಾಗಿಲಾಚೆಯ ಪಾಠ

“ನಿಮ್ಮ ಗುರುಗಳು ಹೀಗೆ ಪಠಿಸಿದ್ದನ್ನ ನಿಮ್ಮನ್ನ ಬಿಟ್ಟು ಇನ್ಯಾರಾದ್ರೂ ಕೇಳಿದಾರಾ?” ಈಜಿಪ್ಟಿನ ತಾಂತಾ ಪಟ್ಟಣದ ಮಸೀದಿಯ ವಿದ್ವಾಂಸರ ಸಭೆಯಲ್ಲಿ ಹಿರಿಯರು ಶೇಖ್ ವಹ್ದಾನ್‌ನನ್ನು ಹೀಗೆ ಕೇಳಿದರು. ಕುರ್‌ಆನಿನ ಒಂದು ಪದದ ಕೊನೆಯ ‘ಆ’ಕಾರವನ್ನು ಅವನು ‘ಏ’ಕಾರದ ಕಡೆಗೆ ವಾಲಿಸಿ ಪಠಿಸಿದ್ದ. ತೀರಿಹೋದ ಗುರು ಘುನೈಮರು ಹಾಗೇ ಕಲಿಸಿದ್ದರೆಂಬುದು ಅವನ ವಾದ. ಇನ್ನೊಬ್ಬ ಸಾಕ್ಷಿ ಸಿಗದಿದ್ದರೆ ಸಭೆ ಆ ಪಾಠವನ್ನು ತಳ್ಳಿಹಾಕುವುದರಲ್ಲಿತ್ತು.

ಪಕ್ಕದಲ್ಲೇ ಕೂತಿದ್ದ ಶೇಖ್ ದಸೂಕಿ ಜಪಮಾಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಅವನೂ ಅದೇ ಗುರುವಿನ ಶಿಷ್ಯ. ಆದರೆ ಅಪರೂಪದ ಪಾಠಗಳಿಗೆ ಗುರುಗಳು ವಹ್ದಾನ್‌ನನ್ನು ಮಾತ್ರ ಒಳಕೋಣೆಗೆ ಕರೆಯುತ್ತಿದ್ದರು. ಗಡ್ಡ ನೆರೆತರೂ ದಸೂಕಿಯ ಆ ಉರಿ ಆರಿರಲಿಲ್ಲ. ಈಗ ಅವನು ಸುಮ್ಮನಿದ್ದರೆ ಸಾಕು, ವಹ್ದಾನ್‌ನ ಹೆಸರು ಮಣ್ಣುಪಾಲಾಗುತ್ತಿತ್ತು. ಅದರ ಜೊತೆಗೆ ಗುರುಗಳ ಆ ಸ್ವರವೂ ಅಳಿಯುತ್ತಿತ್ತು.

“ದಸೂಕಿಯವರನ್ನ ಕೇಳೋಣ ಅಂದ್ರೆ, ಪಾಪ, ಅವರನ್ನ ಒಳಗೇ ಬಿಟ್ಕೊಂಡಿಲ್ವಲ್ಲ,” ಎಂದು ಯಾರೋ ನಕ್ಕರು.

ದಸೂಕಿ ಕಣ್ಣುಮುಚ್ಚಿ ಆ ವಾಕ್ಯವನ್ನು ಪಠಿಸಿದ. ಸ್ವರ ಅದೇ ಜಾಗದಲ್ಲಿ, ಅಷ್ಟೇ ವಾಲಿತು. “ನಾನೂ ಕೇಳಿದೀನಿ,” ಎಂದ. “ಹೊಟ್ಟೆಕಿಚ್ಚು ತಡೀಲಾರದೆ ಬಾಗಿಲಿಗೆ ಕಿವಿಗೊಟ್ಟು ನಿಂತಿರ್ತಿದ್ದೆ.”

ವಹ್ದಾನ್ ನಿಧಾನವಾಗಿ ಅವನತ್ತ ತಿರುಗಿದ. “ಅದು ನೀನೇನಯ್ಯಾ? ಎದುರಿಗೇ ಕೂತಿದೀನಿ, ಇಷ್ಟು ಜೋರಾಗಿ ಯಾಕೆ ಹೇಳ್ಕೊಡ್ತೀರಿ ಅಂತ ಒಂದ್ಸಲ ಗುರುಗಳನ್ನ ಕೇಳಿದ್ದೆ. ‘ಬಾಗಿಲಾಚೆ ಇರೋನಿಗೂ ಕೇಳಿಸ್ಬೇಕಲ್ಲ’ ಅಂದಿದ್ರು.”