ಉಗುರು ತೆಗೆಯುವ ದಿನ

ಯುಗಾದಿಯ ಬೆಳಿಗ್ಗೆ ಫಕೀರವ್ವ ಎಂದಿನಂತೆ ಗುಡ್ಡದ ಗವಿಗೆ ಹೋಗಿ, ಶತಮಾನಗಳಿಂದ ಮಲಗಿರುವ ಹುಲಿಯರಸನ ಮತ್ತು ಅವನ ವೀರರ ಉಗುರು ತೆಗೆಯತೊಡಗಿದಳು. ಕೆಲಸ ಮುಗಿಯುತ್ತಲೇ ಅರಸ ಕಣ್ಣು ತೆರೆದು ನಾಡಿನ ಕ್ಷೇಮ ಕೇಳುವುದು, ಅವಳು "ಎಲ್ಲಾ ಸುಖ ಐತ್ರಿ, ಮಲಗ್ರಿ" ಅನ್ನುವುದು ಪ್ರತಿವರ್ಷದ ರೂಢಿ. ಈ ಸಲ ಮಾತ್ರ ಊರವರು, "ಕಷ್ಟ ಬಂದೈತಿ ಅನ್ನು, ಎದ್ದು ಬರಲಿ" ಎಂದು ಹೇಳಿ ಕಳಿಸಿದ್ದರು. ಹೊರಗಿನಿಂದ ಬಂದ ಒಂದು ಕಂಪನಿಯವರು ಊರ ಕೆರೆಗೆ ಬೇಲಿ ಹಾಕಿ ಬಂದೂಕಿನವರನ್ನು ನಿಲ್ಲಿಸಿದ್ದರು.

ಕೊನೆಯ ವೀರನ ಕಿರುಬೆರಳಿಗೆ ಬಂದಾಗ ಅವನು ನಿದ್ದೆಯಲ್ಲೇ ಕೂಸಿನ ಹಾಗೆ ಅವಳ ಸೆರಗು ಹಿಡಿದುಕೊಂಡ. ಅರಸನಿಗಿಂತ ಮೊದಲು ಸಾಯುತ್ತೇನೆಂದು ಆಣೆ ಇಟ್ಟವನು. ಪಕ್ಕದಲ್ಲಿದ್ದ ಅವನ ಕತ್ತಿ ತುಕ್ಕು ತಿಂದು ಅರ್ಧವಾಗಿತ್ತು.

ಅರಸ ಕಣ್ಣು ತೆರೆದ. "ನಾಡಿಗೆ ಕೇಡು ಬಂದಿದೆಯೇ, ತಾಯಿ?"

ಫಕೀರವ್ವ ವೀರನ ಬೆರಳುಗಳಿಂದ ಮೆಲ್ಲಗೆ ಸೆರಗು ಬಿಡಿಸಿಕೊಂಡಳು. "ಎಲ್ಲಾ ಸುಖ ಐತ್ರಿ, ಯಪ್ಪಾ. ಮಲಗ್ರಿ."

ಗವಿಯ ಹೊರಗೆ ಊರೇ ನೆರೆದಿತ್ತು. "ದೊರಿ ಏನಂದ್ರು?"

"ನೀವು ನಡೀರಿ, ನಿಮ್ಮ ಬೆನ್ನಿಗಿ ನಾ ಅದೀನಿ ಅಂದ್ರು," ಎನ್ನುತ್ತ ಫಕೀರವ್ವ ನೇಲ್ ಕಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರಿಗಿಂತ ಮುಂದಾಗಿ ಕೆರೆಯ ದಾರಿ ಹಿಡಿದಳು.